ಯಂತ್ರವಿಲ್ಲದ ಕಾರ್ಖಾನೆ: ಗಡಿನಾಡಿನ ಬೀಡಿಯ ಕಥೆ

ವ್ಯವಹಾರ ನಿರ್ವಹಣೆ ಎಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಬೆಂಗಳೂರಿನ ಗಾಜಿನ ಕಟ್ಟಡಗಳು, ಸಾಲಾಗಿ ಇಟ್ಟ ಕಂಪ್ಯೂಟರುಗಳು, ಟೈ ಕಟ್ಟಿದ ಮ್ಯಾನೇಜರುಗಳು. ಪ್ಲಸ್ ಟು ವಾಣಿಜ್ಯ ವಿಭಾಗದ ಪುಸ್ತಕದಲ್ಲೂ ಉದಾಹರಣೆಗಳೆಲ್ಲ ದೂರದೂರಿನವು. ತಂತ್ರಜ್ಞಾನ ಬದಲಾದಂತೆ ಸಂಸ್ಥೆಯ ರಚನೆಯೂ ಬದಲಾಗುತ್ತದೆ ಎಂದು ಪಾಠ ಹೇಳುತ್ತದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಎಷ್ಟೋ ಮನೆಗಳ ಜಗಲಿಯಲ್ಲೇ ಒಂದು ದೊಡ್ಡ ಉದ್ಯಮದ ನಿರ್ವಹಣೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದು ಬಂದಿದೆ. ಅದನ್ನು ಉದ್ಯಮವೆಂದು ಯಾರೂ ಕರೆಯುವುದಿಲ್ಲ. ನಾವು ಹೇಳಹೊರಟಿರುವುದು ಬೀಡಿಯ ಬಗ್ಗೆ.

ಮೊದಲೇ ಒಂದು ಮಾತು. ಬೀಡಿ ಸೇದುವುದು ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಅದು ಸೇದುವವರಿಗೂ ಕೆಡುಕು, ಹೊಗೆಸೊಪ್ಪಿನ ಹುಡಿಯನ್ನು ದಿನವಿಡೀ ಉಸಿರಾಡುವ ಹೆಂಗಸರಿಗೂ ಕೆಡುಕು. ಆದರೆ ನಮ್ಮ ಶಾಲೆಗಳಿಗೆ ಬರುವ ಎಷ್ಟೋ ಮಕ್ಕಳ ಚೀಲ, ಕೊಡೆ, ಪುಸ್ತಕ ಬಂದದ್ದು ಆ ಹಣದಿಂದಲೇ. ಹಾಗಾಗಿ ಅದರ ಚರಿತ್ರೆಯನ್ನು ತಿಳಿಯದೆ ಇರುವುದು ಸರಿಯಲ್ಲ.

ಬೀಡಿಗೆ ಬೇಕಾದ ಸಲಕರಣೆ ನೋಡಿ. ಒಂದು ಮೊರ, ಒಂದು ಕತ್ತರಿ, ಎಲೆ ಕತ್ತರಿಸಲು ಅಳತೆಯ ತಗಡಿನ ತುಂಡು, ತುದಿ ಮಡಚಲು ಒಂದು ಸಣ್ಣ ಕಡ್ಡಿ, ನೂಲು. ಇಷ್ಟೇ. ರಾತ್ರಿ ಎಲೆ ನೆನೆಹಾಕಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಾರೆ. ಬೆಳಿಗ್ಗೆ ಎಲೆ ಕತ್ತರಿಸಿ, ಹುಡಿ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟುತ್ತಾರೆ. 25 ಬೀಡಿಗೆ ಒಂದು ಕಟ್ಟು, ಕೂಲಿಯ ಲೆಕ್ಕ ಮಾತ್ರ ಸಾವಿರಕ್ಕೆ ಇಷ್ಟು ಎಂದು. ಎಲೆ ನಮ್ಮ ಊರಿನದ್ದಲ್ಲ, ಮಧ್ಯಪ್ರದೇಶ, ಒಡಿಶಾ, ಆಂಧ್ರದ ಕಾಡುಗಳಿಂದ ಬರಬೇಕು. ಹೊಗೆಸೊಪ್ಪು ನಿಪ್ಪಾಣಿಯಿಂದ ಅಥವಾ ಗುಜರಾತಿನಿಂದ. ಎಲೆಯೂ ಇಲ್ಲದ, ಸೊಪ್ಪೂ ಇಲ್ಲದ ಕರಾವಳಿಯಲ್ಲಿ ಇಷ್ಟು ದೊಡ್ಡ ಬೀಡಿ ಉದ್ಯಮ ಬೆಳೆದದ್ದು ಹೇಗೆ? ಇಲ್ಲಿ ಇದ್ದದ್ದು ಕೈಗಳು, ಮತ್ತು ಆ ಕೈಗಳ ಲೆಕ್ಕ ಇಡಬಲ್ಲ ವ್ಯಾಪಾರಿಗಳು.

ಇದಕ್ಕೆ ಎದುರಾಗಿ ನಮ್ಮ ಕರಾವಳಿಯದೇ ಇನ್ನೊಂದು ಉದ್ಯಮವನ್ನು ಇಟ್ಟು ನೋಡೋಣ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಹಂಚಿಗೆ ನೇತ್ರಾವತಿಯ ಆವೆಮಣ್ಣು ಬೇಕು, ಮಣ್ಣು ಹದ ಮಾಡುವ ಯಂತ್ರ ಬೇಕು, ಅಚ್ಚು ಒತ್ತುವ ಪ್ರೆಸ್ಸು ಬೇಕು, ದೊಡ್ಡ ಗೂಡು ಬೇಕು. ಗೂಡನ್ನು ಯಾರೂ ಮನೆಗೆ ಕೊಂಡುಹೋಗಲಾರರು. ಆದುದರಿಂದ ಕೆಲಸಗಾರನೇ ಗೂಡಿನ ಹತ್ತಿರ ಬರಬೇಕು, ಗಂಟೆ ಬಾರಿಸಿದಾಗ ಒಳಗೆ, ಗಂಟೆ ಬಾರಿಸಿದಾಗ ಹೊರಗೆ. ಯಂತ್ರ ಜನರನ್ನು ಒಂದೆಡೆ ಸೇರಿಸಿತು. ಒಂದೆಡೆ ಸೇರಿದವರನ್ನು ನೋಡಿಕೊಳ್ಳಲು ಮೇಸ್ತ್ರಿ ಬಂದ, ಹಾಜರಿ ಪುಸ್ತಕ ಬಂತು. ಪಠ್ಯಪುಸ್ತಕದ ಮಾತು ಇಲ್ಲಿ ಸರಿಯಾಗಿ ಹೊಂದುತ್ತದೆ.

ಬೀಡಿಯಲ್ಲಿ ಹಾಗೆ ಹೊಂದುವುದಿಲ್ಲ. ಯಂತ್ರವಿಲ್ಲದ್ದರಿಂದ ಒಂದೇ ಛಾವಣಿಯಡಿ ಕೂತು ಕೆಲಸ ಮಾಡಬಹುದು, ಸಾವಿರ ಛಾವಣಿಗಳಡಿ ಚದುರಿಯೂ ಮಾಡಬಹುದು. ಎರಡೂ ಕಡೆ ಅದೇ ಮೊರ, ಅದೇ ಕತ್ತರಿ. ಎಲ್ಲಿ ಕೂರಬೇಕೆಂಬುದನ್ನು ಇಲ್ಲಿ ಸಲಕರಣೆ ತೀರ್ಮಾನಿಸಲಿಲ್ಲ, ಕಾನೂನು ಮತ್ತು ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು ಎಂಬುದು ತೀರ್ಮಾನಿಸಿತು. ಕಾಸರಗೋಡಿನಲ್ಲಿ ಈ ಎರಡೂ ಬಗೆ ನಡೆದದ್ದರಿಂದ ನಮಗೆ ಇದು ಕಣ್ಣಿಗೆ ಕಾಣುವಂತಿದೆ.

ಕಂಪೆನಿಯ ಪದ್ಧತಿ ಹೀಗೆ. ಮೇಲೆ ಮಂಗಳೂರಿನ ಮಾಲೀಕರು, ಅವರ ಕೈಯಲ್ಲಿ ಲೇಬಲ್ಲು, ಎಲೆ, ಸೊಪ್ಪು, ಮಾರುಕಟ್ಟೆ. ಕೆಳಗೆ ಊರೂರಿನ ಗುತ್ತಿಗೆದಾರ, ಅವನ 'ಬ್ರಾಂಚು'. ನಮ್ಮ ಕಡೆ ಬ್ಯಾಂಕಿನ ಬ್ರಾಂಚಿಗಿಂತ ಮೊದಲು ಜನರಿಗೆ ಗೊತ್ತಿದ್ದದ್ದು ಬೀಡಿ ಬ್ರಾಂಚು! ಗುತ್ತಿಗೆದಾರ ಎಲೆ ತೂಗಿ ಕೊಡುತ್ತಾನೆ, ಹುಡಿ ತೂಗಿ ಕೊಡುತ್ತಾನೆ. ಇಷ್ಟು ತೂಕಕ್ಕೆ ಇಷ್ಟು ಬೀಡಿ ಬರಬೇಕೆಂದು ನಿಗದಿ. ಎಲೆಯಲ್ಲಿ ತೂತು ಇದ್ದರೆ, ಹರಿದಿದ್ದರೆ, ಕಡಿಮೆ ಬಿದ್ದ ಎಲೆಯನ್ನು ಕಟ್ಟುವವಳೇ ಹಣ ಕೊಟ್ಟು ತಂದು ಲೆಕ್ಕ ತುಂಬಿಸಬೇಕು. ಸಂಜೆ ಬೀಡಿ ಎಣಿಸಿ ಕೊಟ್ಟಾಗ ಚೆನ್ನಾಗಿಲ್ಲವೆಂದು ಒಂದಷ್ಟು ಪಕ್ಕಕ್ಕೆ ಹೋಗುತ್ತದೆ, ಅದಕ್ಕೆ ಕೂಲಿಯಿಲ್ಲ. ಉಳಿದದ್ದು ಪಾಸ್ ಪುಸ್ತಕದಲ್ಲಿ ಬರೆಯಲ್ಪಡುತ್ತದೆ. ಮೇಸ್ತ್ರಿ ಇಲ್ಲ, ಗಂಟೆ ಇಲ್ಲ, ಆದರೂ ಕೆಲಸಗಾರ್ತಿ ರಾತ್ರಿ ಹತ್ತಕ್ಕೂ ಮೊರ ಬಿಟ್ಟು ಏಳುವುದಿಲ್ಲ. ತಕ್ಕಡಿ, ಎಣಿಕೆ, ತಿರಸ್ಕಾರ, ಈ ಮೂರೇ ಸಾಕು, ಮನೆಯೊಳಗೆ ಮೇಲ್ವಿಚಾರಣೆ ತನ್ನಿಂದ ತಾನೇ ನಡೆಯುತ್ತದೆ. ಇಷ್ಟು ಅಗ್ಗದ ನಿರ್ವಹಣೆಯನ್ನು ಇಂದಿನ ಯಾವ ಕಂಪೆನಿಯೂ ಕಂಪ್ಯೂಟರಿಟ್ಟು ಮಾಡಿದ್ದು ನಮಗೆ ಗೊತ್ತಿಲ್ಲ.

ಈ ಪದ್ಧತಿಯಲ್ಲಿ ಒಂದು ಸಣ್ಣ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಅವಳ ಧಣಿ ಯಾರು? ಮಾಲೀಕರನ್ನು ಕೇಳಿದರೆ ಗುತ್ತಿಗೆದಾರನನ್ನು ತೋರಿಸುತ್ತಿದ್ದರು, ಗುತ್ತಿಗೆದಾರನನ್ನು ಕೇಳಿದರೆ ತಾನು ಬರೀ ಎಲೆ ಹಂಚುವವನು ಎನ್ನುತ್ತಿದ್ದ. ಸುಪ್ರೀಂ ಕೋರ್ಟಿನ ತನಕ ಈ ಪ್ರಶ್ನೆ ಹಲವು ಬಾರಿ ಹೋಯಿತು. 1958ರ ಚಿಂತಾಮನ್ ರಾವ್ ಪ್ರಕರಣದಲ್ಲಿ, ಹೊರಗೆ ಬೀಡಿ ಮಾಡಿಸಿ ತಂದುಕೊಡುವವರು ಫ್ಯಾಕ್ಟರಿ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದಾಯಿತು. 1961ರ ಶಂಕರ ಬಾಲಾಜಿ ವಾಜೆ ಪ್ರಕರಣದಲ್ಲಿ, ತನಗೆ ಬೇಕಾದಾಗ ಬಂದು ಬೇಕಾದಾಗ ಹೋಗುವವನನ್ನು ಆ ಕಾಯಿದೆಯ ಕಾರ್ಮಿಕನೆಂದು ಒಪ್ಪಲಿಲ್ಲ. 1964ರಲ್ಲಿ ಸೇಲಂನ ಬೀಡಿ ಕಾರ್ಮಿಕ ಸಂಘದ ಪ್ರಕರಣದಲ್ಲಿ ಗಾಳಿ ತಿರುಗಿತು. ನಡುವಿನವನು ಮಾಲೀಕನ ಏಜೆಂಟ್ ಮಾತ್ರ, ಕೆಲಸಗಾರರು ಮಾಲೀಕನವರೇ ಎಂದು ಕೋರ್ಟು ಹೇಳಿತು. ಒಂದೇ ಉದ್ಯಮ, ಒಂದೇ ಕೋರ್ಟು, ಆದರೆ ಪ್ರಕರಣಕ್ಕೊಂದು ಉತ್ತರ. ಕೊನೆಗೆ 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ತಂದಿತು. ಮನೆಯಲ್ಲಿ ಕೂತು ಕಟ್ಟುವವಳೂ ಉದ್ಯೋಗಿ, ಗುತ್ತಿಗೆದಾರನ ಹಿಂದಿರುವವನು ಪ್ರಧಾನ ಮಾಲೀಕ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯಲಾಯಿತು. ಕೆಲಸದ ಜಾಗಕ್ಕೆ ಪರವಾನಗಿ, ಕೆಲಸದ ಗಂಟೆಗೆ ಮಿತಿ, ವಾರದ ರಜೆ, ಹೆರಿಗೆ ಸೌಲಭ್ಯ ಎಲ್ಲ ಅದರಲ್ಲಿತ್ತು.

ಆದರೆ ಕಾಯಿದೆಯನ್ನು ಯಾವಾಗಿನಿಂದ ಜಾರಿ ಮಾಡಬೇಕೆಂಬುದು ಆಯಾ ರಾಜ್ಯ ಸರ್ಕಾರಕ್ಕೆ ಬಿಟ್ಟದ್ದು. ಇಲ್ಲಿ ಗಡಿ ಬರುತ್ತದೆ.

1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದ್ದು. ಮಂಗಳೂರಿನ ವ್ಯಾಪಾರಿಗೆ ಉಪ್ಪಳವೂ ಒಂದೇ, ಉಳ್ಳಾಲವೂ ಒಂದೇ. ಆ ದಿನದ ಮೇಲೆ ತಲಪಾಡಿಯಲ್ಲಿ ಗೆರೆ ಬಿತ್ತು. ನಮಗೆ ಗಡಿ ಎಂದರೆ ಭಾಷೆ, ಶಾಲೆ, ಪಠ್ಯಪುಸ್ತಕದ ನೋವು. ಅದರ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಬೀಡಿ ಕಂಪೆನಿಗಳಿಗೆ ಗಡಿ ಎಂದರೆ ಎರಡು ಬೆಲೆಯ ಕೂಲಿ. ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರ 1968ರಲ್ಲಿ ಕೇರಳದಲ್ಲಿ ಕಾಯಿದೆಯನ್ನು ಜಾರಿಗೊಳಿಸಿದಾಗ ಖರ್ಚು ಹೆಚ್ಚುತ್ತದೆಂದು ಮಾಲೀಕರು ಲೆಕ್ಕ ಹಾಕಿದರು. 1968ರ ಅಕ್ಟೋಬರದಲ್ಲಿ ಮಂಗಳೂರು ಗಣೇಶ್ ಬೀಡಿ ಕೇರಳದ ತನ್ನ ಕೇಂದ್ರಗಳನ್ನು ಮುಚ್ಚಿತು. ಸುಮಾರು 12,000 ಮಂದಿ ಕೆಲಸ ಕಳಕೊಂಡರು. ಮುಚ್ಚುವುದು ಸುಲಭವಾಗಿತ್ತು, ಏಕೆಂದರೆ ಬಿಟ್ಟುಹೋಗಲು ಗೂಡೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಹಂಚಿನ ಕಾರ್ಖಾನೆಯವನು ಹೀಗೆ ಒಂದು ರಾತ್ರಿಯಲ್ಲಿ ಗೆರೆ ದಾಟಲಾರ, ಎಲೆಯ ಮೂಟೆ ದಾಟಬಲ್ಲದು. (ಆ ಕಾಯಿದೆಯನ್ನು ಕಂಪೆನಿಗಳು ಸುಪ್ರೀಂ ಕೋರ್ಟಿನಲ್ಲೂ ಪ್ರಶ್ನಿಸಿದವು. 1974ರ ತೀರ್ಪಿನಲ್ಲಿ ಕಾಯಿದೆ ಊರ್ಜಿತವಾಯಿತು. ಆ ಪ್ರಕರಣಕ್ಕೆ ಇಂದಿಗೂ ಮಂಗಳೂರು ಗಣೇಶ್ ಬೀಡಿಯದೇ ಹೆಸರು.)

ಕಣ್ಣೂರಿನಲ್ಲಿ ಬೀಡಿ ಕಾರ್ಮಿಕರು 1930ರ ದಶಕದಿಂದಲೇ ಸಂಘಟಿತರು. ಅಲ್ಲಿ ಹಾಲ್‌ಗಳಲ್ಲಿ ಒಟ್ಟಿಗೆ ಕೂತು ಬೀಡಿ ಸುತ್ತುವ ರೂಢಿಯಿತ್ತು. ಅಲ್ಲಿನ ಒಂದು ಪದ್ಧತಿ ನಮಗೆ ಅಧ್ಯಾಪಕರಾಗಿ ಬಹಳ ಹಿಡಿಸಿದ್ದು. ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾನೆ, ಉಳಿದವರು ಕೇಳುತ್ತ ಬೀಡಿ ಸುತ್ತುತ್ತಾರೆ, ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ಮಾಡಿಕೊಡುತ್ತಾರೆ. ಕೈಗೆ ಕೆಲಸ, ಕಿವಿಗೆ ಬಿಡುವು. ಹಂಚಿನ ಕಾರ್ಖಾನೆಯ ಯಂತ್ರದ ಸದ್ದಿನಲ್ಲಿ ಇದು ಆಗುವ ಮಾತಲ್ಲ. ಮನೆಯಲ್ಲಿ ಒಬ್ಬಳೇ ಕೂತು ಕಟ್ಟುವವಳಿಗೂ ಆಗದು. ಸದ್ದಿಲ್ಲದ ಕೆಲಸವನ್ನು ಒಟ್ಟಿಗೆ ಕೂತು ಮಾಡಿದಲ್ಲಿ ಮಾತ್ರ ಇಂಥ ಶಾಲೆ ಹುಟ್ಟಿತು.

ಕೆಲಸ ಹೋದವರು ಸುಮ್ಮನೆ ಕೂರಲಿಲ್ಲ. 1969ರ ಫೆಬ್ರವರಿಯಲ್ಲಿ ಕೇರಳ ದಿನೇಶ್ ಬೀಡಿ ಕಾರ್ಮಿಕರ ಕೇಂದ್ರ ಸಹಕಾರಿ ಸಂಘ ಕಣ್ಣೂರಿನಲ್ಲಿ ನೋಂದಣಿಯಾಯಿತು. ಸರ್ಕಾರ ಸಾಲ ಕೊಟ್ಟಿತು. ಸರ್ಕಾರಿ ಅಧಿಕಾರಿಯಾಗಿದ್ದ ಜಿ.ಕೆ. ಪಣಿಕ್ಕರ್ ಅಧ್ಯಕ್ಷರಾಗಿ ಬಂದರು. ರಚನೆ ಎರಡು ಅಂತಸ್ತಿನದ್ದು. ಕೆಳಗೆ ಸುಮಾರು 20 ಪ್ರಾಥಮಿಕ ಸಂಘಗಳು, ಅವುಗಳ ಆಡಳಿತಕ್ಕೆ ಕಾರ್ಮಿಕರೇ ಆರಿಸಿದ ನಿರ್ದೇಶಕರು. ಮೇಲೆ ಕೇಂದ್ರ ಸಂಘ. ಎಲೆ, ಸೊಪ್ಪು ಸಗಟಾಗಿ ಕೊಳ್ಳುವುದು, ಗುಣಮಟ್ಟ ನೋಡುವುದು, ಮಾರುವುದು ಕೇಂದ್ರದ ಕೆಲಸ. ಬೀಡಿ ಮಾಡುವುದು ಪ್ರಾಥಮಿಕ ಸಂಘಗಳ ಕೆಲಸ. ಸ್ವಲ್ಪ ಯೋಚಿಸಿದರೆ, ಕಂಪೆನಿ ಮಾಡುತ್ತಿದ್ದ ಕೆಲಸಗಳೇ ಇವು. ಲೇಬಲ್ಲು, ಸಗಟು ಖರೀದಿ, ತಕ್ಕಡಿ, ಎಣಿಕೆ, ಯಾವುದೂ ಬದಲಾಗಲಿಲ್ಲ. ಗುತ್ತಿಗೆದಾರನ ಜಾಗ ಮಾತ್ರ ಖಾಲಿಯಾಯಿತು, ಅಲ್ಲಿ ಕಾರ್ಮಿಕರೇ ಆರಿಸಿದ ಸಮಿತಿ ಬಂತು. ಕೆಲಸ ಮನೆಯಲ್ಲಲ್ಲ, ಸಂಘದ ಶೆಡ್ಡಿನಲ್ಲಿ. ಅಷ್ಟರಿಂದಲೇ ಪಿ.ಎಫ್., ರಜಾ ಸಂಬಳ, ಬೋನಸ್, ಹೆರಿಗೆ ರಜೆ ಕಾಗದದಿಂದ ಕೈಗೆ ಇಳಿದವು. ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ತಾನು ಕಾರ್ಮಿಕನೆಂದು ಕೋರ್ಟಿನಲ್ಲಿ ರುಜುಪಡಿಸಬೇಕಾಗಿಲ್ಲ.

1980ರ ದಶಕದಲ್ಲಿ ದಿನೇಶ್ ಬೀಡಿಯ ಕಾರ್ಮಿಕರ ಸಂಖ್ಯೆ 40,000 ದಾಟಿತ್ತು. ಇದನ್ನು ಅಧ್ಯಯನ ಮಾಡಿ ಟಿ.ಎಂ. ಥಾಮಸ್ ಐಸಾಕ್ (ಮುಂದೆ ಕೇರಳದ ಹಣಕಾಸು ಮಂತ್ರಿಯಾದವರು), ರಿಚರ್ಡ್ ಫ್ರಾಂಕಿ, ಪ್ಯಾರೇಲಾಲ್ ರಾಘವನ್ ಸೇರಿ ಬರೆದ ಪುಸ್ತಕ 1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ನಮ್ಮ ಜಿಲ್ಲೆಯ ತೆಂಕಣ ಭಾಗದ ಬೀಡಿ ಶೆಡ್ಡುಗಳ ವಿಚಾರ ಅಮೆರಿಕದಲ್ಲಿ ಓದುತ್ತಾರೆ, ನಮ್ಮ ಬಡಗಣ ಭಾಗದವರಿಗೆ ಗೊತ್ತಿಲ್ಲ.

ಹೌದು, ತೆಂಕಣ ಭಾಗ. ಚಂದ್ರಗಿರಿ ಹೊಳೆಯಾಚೆ ಹೊಸದುರ್ಗ, ನೀಲೇಶ್ವರದ ಕಡೆ ದಿನೇಶ್ ಬೀಡಿ ಗಟ್ಟಿಯಾಗಿ ಬೇರೂರಿತು. ಕನ್ನಡ, ತುಳು ಮಾತಾಡುವ ಬಡಗಣ ಊರುಗಳಲ್ಲಿ ಮನೆಬೀಡಿಯೇ ಮುಂದುವರಿಯಿತು. ಬೆಳಿಗ್ಗೆ ಮಂಗಳೂರಿನ ಕಡೆಯಿಂದ ಎಲೆ ಬರುವುದು, ಸಂಜೆ ಬೀಡಿ ಹೋಗುವುದು. ಕಾರಣ ಹಲವು. ಮಂಗಳೂರು ಹತ್ತಿರ. ಸಂಘಟನೆಯ ಭಾಷೆ ಮಲಯಾಳ. ಹೆಂಗಸರು ಮನೆ ಬಿಟ್ಟು ಶೆಡ್ಡಿಗೆ ಹೋಗುವುದನ್ನು ಒಪ್ಪದ ಮನೆಗಳೂ ಇದ್ದವು. ಮಕ್ಕಳು, ದನ, ಅಡಿಗೆ ನೋಡಿಕೊಂಡು ನಡುವೆ ನಾಲ್ಕು ಕಟ್ಟು ಮುಗಿಸಬಹುದೆಂಬ ಅನುಕೂಲವನ್ನು ನಾವು ತಳ್ಳಿಹಾಕುವುದಿಲ್ಲ, ಅದು ನಿಜವಾದ ಅನುಕೂಲವೇ. ಆದರೆ ಒಂದೇ ಜಿಲ್ಲೆಯಲ್ಲಿ, ಒಂದೇ ಕಾಯಿದೆಯ ಕೆಳಗೆ, ಒಂದೇ ಕತ್ತರಿ ಹಿಡಿದ ಇಬ್ಬರು ಹೆಂಗಸರಲ್ಲಿ ಒಬ್ಬಳು ಸಂಘದ ಸದಸ್ಯೆ, ಇನ್ನೊಬ್ಬಳ ಲೆಕ್ಕ ಗುತ್ತಿಗೆದಾರನ ಪುಸ್ತಕದಲ್ಲಿ.

ಗಡಿಯ ಎರಡೂ ಬದಿಯನ್ನು ಸೇರಿಸುವ ಸಂಸ್ಥೆ ನಮ್ಮವರಿಂದ ಆಗುತ್ತಿರಲಿಲ್ಲ ಎನ್ನುವಂತಿಲ್ಲ. ಅಡಿಕೆಗೆ ಬೆಲೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಕ್ಯಾಂಪ್ಕೊ ಹುಟ್ಟಿತು, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಸೇರಿಸಿ. ಅಡಿಕೆಗೆ ಗೆರೆ ದಾಟಿದ ಸಹಕಾರ ಸಿಕ್ಕಿತು. ಬೀಡಿ ಕಟ್ಟುವವರಿಗೆ ಅಂಥದ್ದು ಸಿಗಲಿಲ್ಲ. ತೋಟವಿದ್ದವರಿಗೂ ಮೊರವಿದ್ದವರಿಗೂ ಇರುವ ವ್ಯತ್ಯಾಸ ಇಲ್ಲಿಯೂ ಕಾಣುತ್ತದೆ.

ಮನೆಬೀಡಿಯವರಿಗೆ ಏನೂ ಸಿಗಲಿಲ್ಲವೆಂದಲ್ಲ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆ ಬಂತು, ಅದರಿಂದ ಆಸ್ಪತ್ರೆ ಸೌಲಭ್ಯ, ಮಕ್ಕಳಿಗೆ ವಿದ್ಯಾರ್ಥಿವೇತನ. 1977ರಲ್ಲಿ ಪಿ.ಎಫ್. ಕಾಯಿದೆ ಬೀಡಿ ಉದ್ಯಮಕ್ಕೆ ವಿಸ್ತರಿಸಿತು. 1985ರ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಮನೆಯಲ್ಲಿ ಕಟ್ಟುವವರಿಗೂ ಪಿ.ಎಫ್. ಉಂಟು ಎಂದು ಸುಪ್ರೀಂ ಕೋರ್ಟು ಹೇಳಿತು. ಬೀಡಿಯನ್ನು ತಿರಸ್ಕರಿಸುವ ಅಧಿಕಾರ ಮಾಲೀಕನ ಕೈಯಲ್ಲಿರುವುದೇ ಅವಳ ಕೆಲಸದ ಮೇಲೆ ಅವನಿಗಿರುವ ನಿಯಂತ್ರಣಕ್ಕೆ ಸಾಕ್ಷಿ ಎಂದು ಕೋರ್ಟು ಭಾವಿಸಿದ್ದು ನಮಗೆ ಗಮನಾರ್ಹವೆನಿಸಿತು. ಅವಳನ್ನು ಸತಾಯಿಸಿದ ಸಂಜೆಯ ಎಣಿಕೆಯೇ ಕೊನೆಗೆ ಅವಳ ಪರವಾಗಿ ಸಾಕ್ಷಿ ನುಡಿಯಿತು!

ಆದರೆ ಪುಸ್ತಕ ಯಾರ ಹೆಸರಿನಲ್ಲಿದೆ? ಒಂದು ಮನೆಯಲ್ಲಿ ಅಮ್ಮ, ಅತ್ತಿಗೆ, ಇಬ್ಬರು ಹೆಣ್ಣುಮಕ್ಕಳು ಕಟ್ಟಿದರೂ ಕಾರ್ಡು ಒಂದೇ. ಎಲ್ಲರ ಬೀಡಿ ಅಮ್ಮನ ಹೆಸರಿಗೆ ಬೀಳುತ್ತದೆ. ಹದಿನೈದನೆಯ ವಯಸ್ಸಿನಿಂದ ಮದುವೆಯಾಗುವ ತನಕ ಕಟ್ಟಿದ ಮಗಳ ವರ್ಷಗಳು ಎಲ್ಲಿಯೂ ಇಲ್ಲ. 1995ರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಗೆ 10 ವರ್ಷದ ಸೇವೆ ಬೇಕು. 2014ರಿಂದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ 60 ದಾಟಿದ, ಕಣ್ಣು ಮಂಜಾದ ಹೆಂಗಸಿಗೆ ಅದು ತನ್ನದೇ ಹೆಸರಿನ ಹಣ. ಆ 10 ವರ್ಷ ಪುಸ್ತಕದಲ್ಲಿ ಇಲ್ಲದಿದ್ದರೆ ಬೆರಳಿನ ತುದಿಯ ದಡ್ಡು ತೋರಿಸಿದರೂ ಯಾರೂ ಒಪ್ಪುವುದಿಲ್ಲ.

ನಮ್ಮ ಶಾಲೆಯ ದಾಖಲಾತಿ ಪುಸ್ತಕಗಳೂ ಈ ವಿಷಯದಲ್ಲಿ ಮೇಲಲ್ಲ. ತಾಯಿಯ ಉದ್ಯೋಗದ ಕಾಲಂನಲ್ಲಿ ಎಷ್ಟು ಕಡೆ 'ಗೃಹಿಣಿ' ಎಂದು ಬರೆದಿದೆಯೋ! ಕೇಳಿದರೆ ಆ ತಾಯಂದಿರೇ ಹೇಳುವುದು, 'ಕೆಲಸ ಎಂತ ಇಲ್ಲ ಮಾಸ್ಟ್ರೇ, ಮನೆಯಲ್ಲೇ. ಬೀಡಿ ಕಟ್ತೇನೆ ಅಷ್ಟೆ.' ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಬಂದಾಗ ಮಾತ್ರ ಆ 'ಅಷ್ಟೆ'ಗೆ ಕಾರ್ಡಿನ ನಂಬ್ರ ಹುಡುಕುವ ಗಡಿಬಿಡಿ.

ಯಂತ್ರ ಬರಲೇ ಇಲ್ಲವೇ ಎಂದು ಕೇಳಬಹುದು. ಬೀಡಿ ಸುತ್ತುವ ಯಂತ್ರವನ್ನು ಮಾಡಿದವರಿದ್ದಾರೆ. ಆದರೆ ಕೈಬೀಡಿಗೆ ಅಬಕಾರಿ ಸುಂಕ ಕಡಿಮೆ, ಯಂತ್ರದ ಬೀಡಿಗೆ ಹೆಚ್ಚು ಎಂಬ ನೀತಿಯನ್ನು ಸರ್ಕಾರ ಬಹುಕಾಲ ಇಟ್ಟುಕೊಂಡಿತು. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ಬೀಡಿ ಮಾಡುವವರಿಗೆ ಸುಂಕದಲ್ಲಿ ವಿನಾಯಿತಿಯೂ ಇತ್ತು, ಹಾಗಾಗಿ ದೊಡ್ಡದಾಗುವುದಕ್ಕಿಂತ ಸಣ್ಣದಾಗಿ ಒಡೆಯುವುದರಲ್ಲೇ ಲಾಭ. ಕೈಗಳ ಕೂಲಿ ಯಂತ್ರಕ್ಕಿಂತ ಅಗ್ಗವಿದ್ದಾಗ ಯಂತ್ರವನ್ನು ಯಾರು ಕೊಳ್ಳುತ್ತಾರೆ?

ದಿನೇಶ್ ಬೀಡಿಗೆ ಇದೇ ಕಷ್ಟವಾಯಿತು. ಕಾನೂನಿನಂತೆ ಕೊಟ್ಟದ್ದರಿಂದ ಅದರ ಬೀಡಿ ತುಟ್ಟಿ, ಮನೆಬೀಡಿ ಅಗ್ಗ. 1999ರ ಜುಲೈಯಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧಿಸಿತು, 2003ರಲ್ಲಿ ಕೇಂದ್ರದ ತಂಬಾಕು ನಿಯಂತ್ರಣ ಕಾಯಿದೆ ಬಂತು. ಜನರ ಆರೋಗ್ಯಕ್ಕೆ ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಸಂಘದ ಕಾರ್ಮಿಕರ ಸಂಖ್ಯೆ ಇಳಿಯುತ್ತ ಬಂತು. ಸಂಘ ಏನು ಮಾಡಿತು ಗೊತ್ತೇ? 1990ರ ದಶಕದ ಕೊನೆಯಿಂದ ಕರಿ ಪುಡಿ, ಉಪ್ಪಿನಕಾಯಿ, ಕೊಡೆ, ಸಿದ್ಧ ಉಡುಪು, ಕೊನೆಗೆ ಕಣ್ಣೂರಿನಲ್ಲಿ ಒಂದು ಐಟಿ ಘಟಕವನ್ನೂ ಆರಂಭಿಸಿತು. ಬೀಡಿ ಸುತ್ತುತ್ತಿದ್ದವರ ಸಂಘ ಕೊಡೆ ಹೊಲಿಯಿತು, ಕಂಪ್ಯೂಟರ್ ಇಟ್ಟಿತು! ಹೋದ ಎಲ್ಲ ಕೆಲಸಕ್ಕೆ ಅದು ಬದಲಿಯಾಗಲಿಲ್ಲ. ಆದರೂ ಬೇರೆ ಕೆಲಸ ಹುಡುಕಬೇಕೆಂದು ಕೂತು ಯೋಚಿಸಲು ಅಲ್ಲಿ ಒಂದು ಸಮಿತಿಯಾದರೂ ಇತ್ತು. ನಮ್ಮ ಬಡಗಣ ಊರುಗಳಲ್ಲಿ ವಾರಕ್ಕೆ ಆರು ದಿನ ಬರುತ್ತಿದ್ದ ಎಲೆ ನಾಲ್ಕು ದಿನಕ್ಕೆ, ಮೂರು ದಿನಕ್ಕೆ ಇಳಿದಾಗ ಹೆಂಗಸರು ಕೇಳಬೇಕಾದದ್ದು ಗುತ್ತಿಗೆದಾರನನ್ನು, ಅವನು ತೋರಿಸುವುದು ಮಂಗಳೂರನ್ನು.

2017ರಲ್ಲಿ ಜಿಎಸ್‌ಟಿ ಬಂದು ಬೀಡಿಗೆ 28 ಶೇಕಡಾ ತೆರಿಗೆಯಾಯಿತು, ಕಲ್ಯಾಣ ನಿಧಿಗೆ ಹಣ ತರುತ್ತಿದ್ದ ಸೆಸ್ಸು ರದ್ದಾಯಿತು. 1966ರ ಕಾಯಿದೆಯೂ ಈಗ ಪ್ರತ್ಯೇಕವಾಗಿ ಉಳಿದಿಲ್ಲ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೊಳಗೆ ಸೇರಿಹೋಯಿತು.

ಈಗ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಪಿ.ಎಫ್. ಖಾತೆ ಆಧಾರಿಗೆ ಜೋಡಣೆಯಾಗಬೇಕು, ಹೆಸರು ಒಂದೇ ರೀತಿ ಇರಬೇಕು, ಜನ್ಮದಿನಾಂಕ ಒಂದೇ ಇರಬೇಕು. ನಮ್ಮ ಗಡಿನಾಡಿನ ಹೆಂಗಸರ ಹೆಸರು ಬ್ರಾಂಚಿನ ಕನ್ನಡ ಪುಸ್ತಕದಲ್ಲಿ ಒಂದು, ಮಲಯಾಳದ ರೇಷನ್ ಕಾರ್ಡಿನಲ್ಲಿ ಇನ್ನೊಂದು, ಇಂಗ್ಲಿಷಿನ ಆಧಾರಿನಲ್ಲಿ ಮತ್ತೊಂದು. ಲಲಿತ ಎಂಬ ಹೆಸರಿಗೆ ಮಲಯಾಳದ ಕಾಗುಣಿತ ಹಿಡಿದು ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚು ಬಿದ್ದರೂ ಯಂತ್ರ ಒಪ್ಪುವುದಿಲ್ಲ. ಹಾಗಾಗಿ ಈಚೆಗೆ ಕೆಲವು ತಾಯಂದಿರು, ಅಜ್ಜಿಯಂದಿರು ಶಾಲೆಗೆ ಬರುತ್ತಾರೆ. ಐವತ್ತು ವರ್ಷ ಹಿಂದೆ ನಾಲ್ಕನೆಯ ತರಗತಿಗೆ ಬಿಟ್ಟುಹೋದವರು. ಹಳೆಯ ದಾಖಲಾತಿ ಪುಸ್ತಕ ತೆಗೆದು ಹೆಸರು, ಜನ್ಮದಿನಾಂಕ ನೋಡಿ ಒಂದು ಕಾಗದ ಬರೆದುಕೊಡಿ ಎಂದು ಕೇಳುತ್ತಾರೆ. ನಾವು ಕಪಾಟಿನ ಅಡಿಯಿಂದ ಪುಸ್ತಕ ತೆಗೆಯುತ್ತೇವೆ. ಗೆದ್ದಲು ಹಿಡಿಯದ ಪುಟವಾದರೆ ಅಲ್ಲಿ ಕನ್ನಡದಲ್ಲಿ ಅವರ ಹೆಸರಿರುತ್ತದೆ, ಶಾಲೆ ಬಿಟ್ಟ ಕಾರಣದ ಕಾಲಂ ಹೆಚ್ಚಿನ ಕಡೆ ಖಾಲಿ.